ಅತ್ತೆಯ ಕುರ್ಚಿ

ಕುರ್ಚಿಯ ಚಕ್ರ ಕಿರ್ರೆಂದಿತು. ಸಾಫ್ಟ್‌ವೇರ್ ತಂಡದ ಹೊಸಬಳು ಕೀಬೋರ್ಡಿನಿಂದ ಕೈ ತೆಗೆದು ನೆಟ್ಟಗೆ ಕೂತಳು. ಯಾರ ಕೋಡಿನಲ್ಲಾದರೂ ತಪ್ಪು ಕಂಡರೆ ತಂಡದ ಹಿರಿಯ ಪ್ರೋಗ್ರಾಮರಮ್ಮ ಎದ್ದು ಬರುವವರಲ್ಲ. ಕುರ್ಚಿಯನ್ನೇ ಉರುಳಿಸಿಕೊಂಡು ಬಂದು, ಪಕ್ಕದಲ್ಲೇ ಕೂತು ಬೆವರಿಳಿಸುವವರು. ಅದಕ್ಕೇ ಬೆನ್ನ ಹಿಂದೆ ಎಲ್ಲರಿಗೂ ಅವರು ‘ಅತ್ತೆ’.

ಇವತ್ತು ತಪ್ಪು ಸಿಕ್ಕಿದ್ದು ಅತ್ತೆಯದೇ ಕೋಡಿನಲ್ಲಿ. ಯಾರು ಬರೆದದ್ದೇ ಆಗಲಿ, ಇನ್ನೊಬ್ಬರು ಓದಿ ‘ಓಕೆ’ ಒತ್ತದೆ ಅದು ಮುಖ್ಯ ಕೋಡಿನೊಳಗೆ ಸೇರುವಂತಿರಲಿಲ್ಲ, ಅಂದರೆ ಮರ್ಜ್ ಆಗುವಂತಿರಲಿಲ್ಲ. ಬಸ್ ಟಿಕೆಟ್ ಆ್ಯಪಿಗೆ ಅತ್ತೆ ಮಾಡಿದ್ದ ಬದಲಾವಣೆಯನ್ನು ಓದಿದ ಹೊಸಬಳು, ಅತ್ತೆಯ ಧಾಟಿಯಲ್ಲೇ ಕೆಳಗೆ ಬರೆದುಬಿಟ್ಟಿದ್ದಳು: ‘ಸೀಟು ಆರಿಸದವರಿಗೂ ಟಿಕೆಟ್ ಸಿಗ್ತಿದೆ. ಅವರೇನು ಡ್ರೈವರ್ ತೊಡೆ ಮೇಲೆ ಕೂರಬೇಕಾ?’

ಕುರ್ಚಿ ಪಕ್ಕಕ್ಕೆ ಬಂದು ನಿಂತಿತು. ಪರದೆಯನ್ನೇ ನೋಡುತ್ತಿದ್ದ ಅತ್ತೆಯ ಭುಜ ಅಲುಗತೊಡಗಿತು. ಅದು ಸಿಟ್ಟಲ್ಲ, ನಗು ಎಂದು ಹೊಸಬಳಿಗೆ ಹೊಳೆಯಲು ಒಂದು ಗಳಿಗೆ ಬೇಕಾಯಿತು.

“ಡ್ರೈವರ್ ತೊಡೆಯಂತೆ!” ಅತ್ತೆ ಕಣ್ಣೊರೆಸಿಕೊಂಡರು. “ಅಂತೂ ನಾನು ಬರೆದಿದ್ದನ್ನ ನೀನಾದ್ರೂ ಓದಿದ್ಯಲ್ಲಮ್ಮ! ಸ್ವಲ್ಪ ಆ ಕಡೆ ಸರಿ, ಇಬ್ಬರೂ ಸೇರಿ ಸರಿಮಾಡೋಣ.”

ಸರಿಮಾಡಿದ್ದಾಯಿತು. ಹೊಸಬಳು ಓಕೆ ಒತ್ತಿದಳು, ಕೋಡ್ ಮರ್ಜ್ ಆಯಿತು. ಎದುರು ಸಾಲಿನಲ್ಲಿ ಕಿವಿ ನಿಮಿರಿಸಿಕೊಂಡು ಕೂತಿದ್ದವರೆಲ್ಲ ಉಸ್ಸಪ್ಪಾ ಎಂದರು. ಅಷ್ಟರಲ್ಲಿ ಅತ್ತೆ ಏನೋ ಹೊಳೆದವರಂತೆ ತಲೆಯೆತ್ತಿದರು.

“ಅಲ್ಲಾ, ಇಷ್ಟು ದಿನ ನನ್ನ ಕೋಡಿಗೆಲ್ಲ ಕಣ್ಮುಚ್ಚಿಕೊಂಡು ಓಕೆ ಒತ್ತಿದೋರು ಯಾರ್ಯಾರು?”

ತಲೆಗಳೆಲ್ಲ ಪರದೆಗಳ ಹಿಂದೆ ಮಾಯವಾದವು. ಚಕ್ರ ಮತ್ತೆ ಕಿರ್ರೆಂದಿತು.