ಬಲಗಡೆಯ ಅಂಚು

ಅನ್ನಪೂರ್ಣಾ ಪಡಸಾಲೆಯ ಕಸ ಗುಡಿಸಿ ಹೊಸ್ತಿಲತನಕ ತಂದಿದ್ದಳಷ್ಟೇ, ಹೊರಗೆ ಬೈಕು ನಿಂತ ಸದ್ದಾಯಿತು. ರೋಣದ ನಯೀಮ ಹಳೆಯ ಚಾದರದಲ್ಲಿ ಸುತ್ತಿದ ದೊಡ್ಡ ಚೌಕಟ್ಟೊಂದನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದ. ಅವನನ್ನು ಅವಳು ಕಣ್ಣಾರೆ ನೋಡಿದ್ದು ಅದೇ ಮೊದಲು. ದನಿ ಮಾತ್ರ ಎರಡು ವರ್ಷದ ಪರಿಚಯದ್ದು.

"ನಾಳೆ ಅತ್ತಿಯವ್ರ ವರ್ಷದ ದಿನ ಅಂದಿದ್ರಲ್ಲಾ ಅಕ್ಕಾರ, ಅದಕ್ಕ ಇವತ್ತ ಗಜೇಂದ್ರಗಡಕ್ಕ ಬಂದೆ. ಬಳಗದವ್ರೆಲ್ಲಾ ಕೂಡಿ ಮಾಡಿಸೀವ್ರಿ. ಬ್ಯಾಡ ಅನ್ನಬ್ಯಾಡ್ರಿ ಮತ್ತ."

ಬಳಗವೆಂದರೆ ವಾಟ್ಸಾಪಿನ 'ಬೆಳಕಿನ ಬಳಗ'. ರೋಣ, ನರಗುಂದ, ಗಜೇಂದ್ರಗಡದ ಮೂವತ್ತು ನಲವತ್ತು ಮಂದಿ ಹವ್ಯಾಸಿಗಳು. ಮಾಸ್ತರರು, ಟೇಲರು, ಔಷಧಿ ಅಂಗಡಿಯವರು. ರವಿವಾರಕ್ಕೊಮ್ಮೆ ಒಬ್ಬೊಬ್ಬರೂ ಒಂದೊಂದು ಫೋಟೋ ಹಾಕುವುದು, ಉಳಿದವರು ಅದರ ತಪ್ಪು ಒಪ್ಪು ಹೇಳುವುದು. ಮಟಮಟ ಮಧ್ಯಾಹ್ನದ ಬಿಸಿಲು ಮುಖಕ್ಕೆ ಒಗ್ಗುವುದಿಲ್ಲ, ಕಿಟಕಿಯ ಬೆಳಕು ಒಗ್ಗುತ್ತದೆ ಎಂದು ಅನ್ನಪೂರ್ಣಾ ಕಲಿತದ್ದು ಅಲ್ಲಿಯೇ. ಫೋಟೋ ತೆಗೆಯುವ ಮುಂಚೆ ಫೋನಿನ ಕಣ್ಣನ್ನು ಸೆರಗಿನಿಂದ ಒರೆಸಬೇಕೆಂದು ಕಲಿತದ್ದೂ ಅಲ್ಲಿಯೇ. ಒಲೆಯ ಮೇಲೆ ಅನ್ನ ಕುದಿಯುವಷ್ಟು ಹೊತ್ತಿನಲ್ಲಿ ಅವಳು ಒಂದು ಪಾಠ ಕೇಳಿ ಮುಗಿಸುತ್ತಿದ್ದಳು. "ನಮ್ಮ ಸ್ವಸಿ ರೊಟ್ಟಿ ಬಡಿಯೂದ ಬಿಟ್ಟು ಬೆಳಕ ಹಿಡಿಯಾಕ ಹೊಂಟಾಳ," ಎಂದು ಅತ್ತೆ ಗಾಳೆವ್ವ ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ನಯೀಮ ಚಾದರ ಬಿಚ್ಚಿದ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ಗಾಳೆವ್ವ, ಕೈಯಲ್ಲಿ ಲಾಳಿ. ಮುಖದ ಒಂದೊಂದು ಸುಕ್ಕಿನಲ್ಲೂ ಕಿಟಕಿಯ ಬೆಳಕು. ಕತ್ತು ಬಲಕ್ಕೆ ಹೊರಳಿದೆ, ಬಾಯ್ತುಂಬ ನಗು.

"ಎತ್ತಾಗ ನೋಡಿ ನಗಾಕತ್ತಾರಂತ ನರಗುಂದದ ಮಾಸ್ತರು ಇನ್ನೂ ಕೇಳ್ತಾರ್ರಿ. ಇಂಥಾ ನೋಟ ನಮ್ಮ ಬಳಗದಾಗ ಯಾರಿಗೂ ಸಿಕ್ಕಿಲ್ಲ ನೋಡ್ರಿ."

ಅನ್ನಪೂರ್ಣಾ ಕಸಬರಿಗೆಯನ್ನು ಗೋಡೆಗೆ ಆನಿಸಿಟ್ಟಳು. "ಅಣ್ಣಾರ, ನಾ ಮೊದಲ ಹಾಕಿದ್ದು, ಕತ್ತರಿಸೂಕಿಂತ ಮುಂಚಿಂದು, ನಿಮ್ಮ ಕಡೆ ಉಳದೈತೇನ್ರಿ? ನನ್ನ ಫೋನ್ ತುಂಬಿತ್ತಂತ ನಾ ಅಳಿಸಿಬಿಟ್ಟೆ. ಗುಂಪಿನ್ಯಾಗ ಒತ್ತಿದ್ರ ತಗೀವಲ್ದು."

"ಇಲ್ರಿ, ನಂದೂ ಹಂಗ. ಜಾಗಾ ಸಾಲದಿದ್ರ ಹಳೇವ ಮೊದಲ ಹೋಗ್ತಾವು. ಯಾಕ್ರಿ, ಅದರಾಗ ಏನಿತ್ತು?"

"ನನ್ನ ಮಗಳಿದ್ಲ್ರಿ."

ನಯೀಮನಿಗೆ ಆಗ ನೆನಪಾಯಿತು. ಬಲತುದಿಯಲ್ಲಿ ಅರ್ಧ ತಲೆ ಕತ್ತರಿಸಿಹೋಗಿ, ಅಲುಗಾಡಿ ಮಸುಕಾದ ಒಂದು ಮಗು, ಅದರ ಹಿಂದೊಂದು ಬಕೆಟ್ಟು. "ಅಂಚು ನೋಡ್ರಿ ಅಕ್ಕಾರ, ಬಲಗಡೆ ಕಸ ಭಾಳ ಐತಿ. ಅದನ್ನ ತಗದುಬಿಡ್ರಿ, ಫೋಟೋ ಎದ್ದು ಕುಂಡ್ರತೈತಿ," ಎಂದು ದನಿ ಕಳಿಸಿದವನು ಅವನೇ. ಅವಳು ಒಲೆಯ ಮುಂದೆ ಕೂತು ಅದನ್ನು ಎರಡೆರಡು ಸಲ, ಮನೆಗೆಲ್ಲ ಕೇಳುವಷ್ಟು ದೊಡ್ಡದಾಗಿಯೇ ಹಾಕಿ ಕೇಳಿದ್ದಳು. ಆಮೇಲೆ ಹಿಟ್ಟು ಮೆತ್ತಿದ ಬೆರಳಿನಿಂದಲೇ ಅಂಚನ್ನು ಒಳಕ್ಕೆ ಎಳೆದಿದ್ದಳು. ಫೋಟೋ ಖರೆ ಎದ್ದು ಕೂತಿತ್ತು. ಗಾಳೆವ್ವನಿಗೆ ತೋರಿಸಿದಾಗ ಅವಳು, "ಅಂಚ ಕತ್ತರಿಸಿದ ಸೀರಿ ಯಾರ ಉಡ್ತಾರವಾ?" ಎಂದು ಚೇಷ್ಟೆ ಮಾಡಿದ್ದಳು. ತಿಂಗಳೊಪ್ಪತ್ತಿನಲ್ಲಿ ಅವಳೇ ಇರಲಿಲ್ಲ. ಕ್ಯಾಮೆರಾ ಕಂಡರೆ ಮುಖಕ್ಕೆ ಸೆರಗು ಎಳೆದುಕೊಳ್ಳುತ್ತಿದ್ದ ಮುದುಕಿ. ಮೊಮ್ಮಗಳ ಜೊತೆಗಿದ್ದ ಇನ್ನೊಂದು ಫೋಟೋ ಮನೆಯಲ್ಲೆಲ್ಲೂ ಸಿಗಲಿಲ್ಲ.

"ಮಗಳಂತ ಒಂದ ಮಾತು ಹೇಳಬೇಕಿತ್ತಲ್ರಿ ಅಕ್ಕಾರ," ಎಂದ ನಯೀಮ, ದನಿ ಇಳಿಸಿ.

"ನೀವು ಹೇಳಿದ್ದು ಬರೋಬ್ಬರಿ ಇತ್ರಿ. ನನಗ ಫೋಟೋ ಚಂದ ಆಗಬೇಕಾಗಿತ್ತು."

ಬಚ್ಚಲಿನಿಂದ ಒದ್ದೆ ತಲೆಯಲ್ಲೇ ಬಂದ ಏಳು ವರ್ಷದ ಮಗಳು ದ್ಯಾಮಿ ಗೋಡೆಗೆ ಒರಗಿಸಿದ ಚೌಕಟ್ಟನ್ನು ಕಂಡು ನಿಂತಳು. ಈ ಒಂದು ವರ್ಷ ಅವಳು ಏನನ್ನೂ ಕೇಳಿರಲಿಲ್ಲ. ಫೋನಿನಲ್ಲಿ ಆ ಫೋಟೋ ಬಂದಾಗಲೆಲ್ಲ ಬೆರಳಿಟ್ಟು ಎಡಕ್ಕೆ ಎಳೆಯುತ್ತಿದ್ದಳು, ಬಲಗಡೆ ಇನ್ನೂ ಸ್ವಲ್ಪ ಇದೆಯೇನೋ ಎಂಬಂತೆ. ಎಳೆದರೆ ಮುಂದಿನ ಫೋಟೋ ಬರುತ್ತಿತ್ತು. ಅನ್ನಪೂರ್ಣಾ ಪ್ರತಿಸಲವೂ ಏನಾದರೊಂದು ಕೆಲಸ ಹೇಳಿ ಫೋನು ಇಸಿದುಕೊಳ್ಳುತ್ತಿದ್ದಳು.

ಈಗ ಎಳೆಯಲು ಬರುವಂತಿರಲಿಲ್ಲ. ದ್ಯಾಮಿ ಚೌಕಟ್ಟಿನ ಬಲಕ್ಕೆ ಹೋಗಿ ಅದರ ಹಿಂದೆ ಬಗ್ಗಿ ನೋಡಿದಳು. ಮಗ್ಗದ ಮೇಲಿದ್ದ, ನೂಲು ಸುತ್ತಿದ ಕಂಡಿಕೆಯೊಂದನ್ನು ತಂದಳು. ಫೋಟೋ ತೆಗೆದಂದು ಅವಳು ಅಜ್ಜಿಗೆ ಕೊಡುತ್ತಿದ್ದದ್ದೂ ಅಂಥದೇ ಕಂಡಿಕೆ. ಅದನ್ನು ಹಿಡಿದ ಕೈ ಮುಂದೆ ಚಾಚಿ, ಚೌಕಟ್ಟಿಗೆ ತಾಗಿ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಳು. ಗಾಳೆವ್ವನ ನಗು ನೇರ ಅವಳ ಮೇಲೆ ಬಂದು ಬಿತ್ತು.

ನಯೀಮ ತಲೆ ತಗ್ಗಿಸಿದ. ಅನ್ನಪೂರ್ಣಾ ಮಾಡಲು ಕೆಲಸ ಕಾಣದೆ ಮತ್ತೆ ಕಸಬರಿಗೆ ತೆಗೆದುಕೊಂಡಳು. ಹೊಸ್ತಿಲಲ್ಲಿ ಅರ್ಧಕ್ಕೆ ಬಿಟ್ಟ ಧೂಳು ಹಾಗೆಯೇ ಇತ್ತು.

ದ್ಯಾಮಿ ಆ ಧೂಳನ್ನು ನೋಡಿದಳು. ಆಮೇಲೆ ಅವ್ವನನ್ನು ನೋಡಿದಳು.

"ಅವ್ವಾ, ಆವತ್ತ ಫೋನಿನ್ಯಾಗ ಈ ಮಾಮಾ ಕಸ ಅಂದದ್ದು ನನ್ನನ್ನೇನು?"