ಮೈಗೆ ಹತ್ತದ ಕೆಲಸ

"ಚರ್ಮದ ಕೆಲಸ ಗುರುನಾಥ ತಗೊಳ್ಳಲಿ," ಎಂದ ಶ್ರೀಶೈಲ. "ಅವಗ ಲಗೂ ಬರತೈತಿ."

ಯರಗಟ್ಟಿಯ ಗೊಬ್ಬರದಂಗಡಿ ಸಂಗಪ್ಪನವರ ಮನೆಯ ಮೇಲಿನ ಖೋಲಿಯಲ್ಲಿ ಮೂವರು ಗೆಳೆಯರು ಮೂರು ಲ್ಯಾಪ್‌ಟಾಪ್ ತೆರೆದುಕೊಂಡು ಕುಳಿತಿದ್ದರು. ರಾಜರ ಕಾಲದ ಯುದ್ಧದ ಆಟ. ಕೋಟೆ ಹಿಡಿಯಬೇಕು. ಅದಕ್ಕೂ ಮೊದಲು ದಂಡಿನಲ್ಲಿ ಯಾರು ಏನಾಗಬೇಕೆಂದು ಹಂಚಿಕೊಂಡು, ಅವರವರ ವಿದ್ಯೆಯನ್ನು ಅವರವರೇ ಮಾಡಿ ಮಾಡಿ ಪಳಗಬೇಕು. ಸಂಜೆಗೆ ರಾಮದುರ್ಗದ ಹುಡುಗರ ಜೊತೆ ಪಂದ್ಯ ಗೊತ್ತಾಗಿತ್ತು. ಹಂಚುವ ಅಧಿಕಾರವನ್ನು ಶ್ರೀಶೈಲನಿಗೆ ಯಾರೂ ಕೊಟ್ಟಿರಲಿಲ್ಲ. ಮನೆ ಅಪ್ಪ ಸಂಗಪ್ಪನದು, ವೈಫೈಯೂ ಅಪ್ಪನದೇ, ಹೀಗಾಗಿ ಅದು ತಾನಾಗಿಯೇ ಬಂದಿತ್ತು. ತಾನು ಕತ್ತಿ ಹಿಡಿಯುವ ಸರದಾರನಾದ. ಆ ಸರದಾರನಿಗೆ ತನ್ನದೇ ಮುಖ, ತನ್ನದೇ ಮೀಸೆ ಕೂರಿಸಿದ. ಬಸಯ್ಯನನ್ನು ಮಂತ್ರ ಹಾಕಿ ಗಾಯ ಮಾಯಿಸುವ ಗುರುವಾಗಿ ಮಾಡಿದ. ಬಸಯ್ಯ ರಕ್ತ ಕಂಡರೆ ತಲೆ ತಿರುಗಿ ಬೀಳುವ ಆಸಾಮಿ. ಆದರೂ ಹಿರೇಮಠದ ಮನೆತನದವನಿಗೆ ಮತ್ತೇನು ಕೊಡಲು ಬರುತ್ತದೆ. ಇನ್ನು ಉಳಿದದ್ದು ಎರಡು: ಒಬ್ಬ ಬಿಲ್ಲುಗಾರ, ಇನ್ನೊಬ್ಬ ಸತ್ತ ಎತ್ತಿನ ಚರ್ಮ ಸುಲಿದು, ಹದ ಮಾಡಿ, ದಂಡಿಗೆಲ್ಲ ಕವಚ ಹೊಲಿಯುವವ.

ಗುರುನಾಥ ಬಸ್ ಸ್ಟ್ಯಾಂಡಿನ ಎದುರು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇಟ್ಟವನು. ಈ ಆಟವನ್ನು ಹುಡುಕಿ ತಂದವನು ಅವನೇ, ಮೂವರ ಲ್ಯಾಪ್‌ಟಾಪಿಗೂ ಹಾಕಿಕೊಟ್ಟವನು ಅವನೇ. ಬಿಲ್ಲಿನ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣಿತ್ತು.

"ನನಗ ಹೆಂಗ ಲಗೂ ಬರತೈತಿ?" ಎಂದು ಕೇಳಿದ.

ಶ್ರೀಶೈಲ ತಡವರಿಸಿದ. ಜಾತಿಗೀತಿ ತಾನು ನೋಡುವುದಿಲ್ಲವೆಂದು ಚಹಾದಂಗಡಿಯಲ್ಲಿ ಕೂತು ಡಂಗುರ ಸಾರುವವನು ಅವನು. ಹಾಗಲ್ಲ, ಗುರುನಾಥನ ಕೈ ಚುರುಕು ಅಂತ ಅಂದದ್ದು, ಬಿಲ್ಲನ್ನು ಆಮೇಲೆ ನೋಡಿದರಾಯಿತು ಎಂದು ತಿಪ್ಪೆ ಸಾರಿಸಿದ. ಕೈ ಚುರುಕಿದ್ದವನಿಗೆ ಬಿಲ್ಲನ್ನೇ ಕೊಡಬಹುದಲ್ಲ ಎಂದು ಬಸಯ್ಯನಿಗೆ ಹೊಳೆಯಿತು. ಆದರೆ ಹೊಳೆದದ್ದನ್ನೆಲ್ಲ ಹೇಳಿ ಕೆಟ್ಟವನಾಗುವ ಚಟ ಅವನಿಗಿರಲಿಲ್ಲ.

ಅಷ್ಟರಲ್ಲಿ ಶ್ರೀಶೈಲನ ತಾಯಿ ಚನ್ನವ್ವ ಚುರುಮುರಿ, ಚಹಾ ತಂದಳು. ಮಗನ ಲ್ಯಾಪ್‌ಟಾಪಿನಲ್ಲಿ ಕತ್ತಿ ಹಿಡಿದು ನಿಂತ ಸರದಾರನನ್ನು ಕಂಡು, ಥೇಟ್ ನಮ್ಮ ಹುಡುಗನೇ ಎಂದು ಹಿಗ್ಗಿ, ಪರದೆಗೇ ಲಟಿಕೆ ಮುರಿದು ದೃಷ್ಟಿ ತೆಗೆದಳು. ಆಮೇಲೆ ತಕರಾರು ಏನೆಂದು ಕೇಳಿ ತಿಳಿದು, ನ್ಯಾಯವನ್ನೂ ತಾನೇ ಬಗೆಹರಿಸಿದಳು.

"ಆಟ ಐತೆಪಾ ಗುರುನಾಥ. ಆಟದಾಗ ಯಾವ ಕೆಲಸ ಮಾಡಿದ್ರ ಏನಾತು? ಮೈಗೆ ಹತ್ತತೈತೇನ?"

ಗುರುನಾಥನ ಮುತ್ಯಾ ಶಟ್ಟೆಪ್ಪ ಒಂದು ಕಾಲಕ್ಕೆ ಊರಿನ ಸತ್ತ ದನ ಎಳೆಯುತ್ತಿದ್ದವನು. ಒಂದು ಮುಂಜಾನೆ, ಇನ್ನು ಈ ಕೆಲಸ ಒಲ್ಲೆ ಎಂದು ಹಗ್ಗವನ್ನು ಗೌಡರ ಕಟ್ಟೆಯ ಮೇಲಿಟ್ಟು ಬಂದ. ಆ ವರ್ಷ ಅವನನ್ನು ಯಾರೂ ಹೊಲದ ಕೆಲಸಕ್ಕೆ ಕರೆಯಲಿಲ್ಲ. ಗಿರಣಿಯವನೂ ಹಿಟ್ಟು ಬೀಸಿಕೊಡಲಿಲ್ಲ. ಮನೆಮಂದಿಯೆಲ್ಲ ಜೋಳ ಕುದಿಸಿಕೊಂಡು ತಿಂದರು. ಮುತ್ಯಾ ಮಾತ್ರ ಮತ್ತೆ ಹಗ್ಗ ಮುಟ್ಟಲಿಲ್ಲ. ಆ ಕುದಿಸಿದ ಜೋಳದ ಕತೆ ಕೇಳುತ್ತ ಬೆಳೆದ ಗುರುನಾಥನಿಗೆ ಪರದೆಯ ಮೇಲೆ ಬಿದ್ದಿದ್ದ ಎತ್ತು ಬರೀ ಚಿತ್ರವಾಗಿ ಕಾಣಲಿಲ್ಲ. ಅವಮಾನವಾಯಿತು, ಸಿಟ್ಟೂ ಬಂತು.

"ಅವ್ವಾರ, ಆ ಕೆಲಸ ನಮ್ಮ ಮುತ್ಯಾ ಬಿಟ್ಟಾನ್ರಿ," ಎಂದ ಮೆಲ್ಲಗೆ. "ನಾ ಮತ್ತ ಹಿಡಿಯಂಗಿಲ್ಲ. ಆಟದಾಗೂ ಹಿಡಿಯಂಗಿಲ್ಲ."

ಈಗಿನ ಹುಡುಗರು ಸಣ್ಣದಕ್ಕೆಲ್ಲ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ ಎಂದು ಗೊಣಗುತ್ತ ಚನ್ನವ್ವ ಕೆಳಗಿಳಿದು ಹೋದಳು. ಗುರುನಾಥ ಲ್ಯಾಪ್‌ಟಾಪ್ ಮುಚ್ಚಲು ಕೈ ಹಾಕಿದ. ಮೂವರಿಲ್ಲದಿದ್ದರೆ ಕೋಟೆಯ ಬಾಗಿಲು ತೆರೆಯುವುದಿಲ್ಲ. ಕವಚವಿಲ್ಲದಿದ್ದರೆ ಬಾಗಿಲು ದಾಟಿ ಬದುಕುವುದಿಲ್ಲ. ಶ್ರೀಶೈಲ ಬಸಯ್ಯನ ಮುಖ ನೋಡಿದ. ಬಸಯ್ಯ ಮೌಸ್ ಬಿಟ್ಟು ಹಣೆಯ ವಿಭೂತಿ ಮುಟ್ಟಿಕೊಂಡ. ಅಷ್ಟು ಸಾಕಾಯಿತು. ಪುಣ್ಯಕ್ಕೆ ಆಟ ಮಾಡಿದವರಿಗೆ ಯಾರ ಮನೆತನವೂ ಗೊತ್ತಿರಲಿಲ್ಲ. ಅಲ್ಲಿ ಯಾರು ಬೇಕಾದರೂ ಯಾವ ವಿದ್ಯೆ ಬೇಕಾದರೂ ಕಲಿಯಬಹುದಿತ್ತು. ರಾಮದುರ್ಗದವರ ಮುಂದೆ ಸೋತು ನಗೆಪಾಟಲಾಗುವುದಕ್ಕಿಂತ ಇದೇ ಮೇಲೆಂದು ಸರದಾರರು ಕತ್ತಿ ಬದಿಗಿಟ್ಟು ಚೂರಿ ಹಿಡಿದರು. ಬಿಲ್ಲು ಗುರುನಾಥನ ಕೈಗೆ ಬಂತು.

ವಿದ್ಯೆ ಸುಮ್ಮನೆ ಒಲಿಯಲಿಲ್ಲ. ಮೊದಲ ಚರ್ಮ ನಡುವೆ ಹರಿಯಿತು, ಎರಡನೆಯದು ಹದ ತಪ್ಪಿ ಕೊಳೆಯಿತು. ಇದೇನು ಸಾಮಾನ್ಯ ಕಷ್ಟದ ಕೆಲಸವಲ್ಲ ಮಾರಾಯ ಎಂದು ಶ್ರೀಶೈಲ ಬೆವರು ಒರೆಸಿಕೊಂಡ. ಗುರುನಾಥ ಕೋಟೆಯ ಬುರುಜಿನ ಮೇಲಿನ ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಕೆಡವುತ್ತ ಕುಳಿತಿದ್ದ.

ಚನ್ನವ್ವ ಊಟಕ್ಕೆ ಕರೆಯಲು ಮತ್ತೆ ಮೇಲೆ ಬರುವುದಕ್ಕೂ ಆಟದಲ್ಲಿ ವಿದ್ಯೆ ಒಲಿದ ಕಹಳೆ ಮೊಳಗುವುದಕ್ಕೂ ಸರಿಹೋಯಿತು. ಪರದೆಯ ತುಂಬ ಅವಳ ಮಗನೇ ನಿಂತಿದ್ದ. ಅದೇ ಮುಖ, ಅದೇ ಮೀಸೆ. ಮೊಣಕೈವರೆಗೆ ರಕ್ತ, ಒಂದು ಕೈಯಲ್ಲಿ ಚೂರಿ, ಇನ್ನೊಂದರಲ್ಲಿ ಆಗಷ್ಟೇ ಸುಲಿದ ಇಡೀ ಚರ್ಮ.

"ನೋಡ ಯವ್ವಾ, ಕಲತೇಬಿಟ್ನಿ," ಎಂದ ಶ್ರೀಶೈಲ.

ಚನ್ನವ್ವ ಈ ಸಲ ಲಟಿಕೆ ಮುರಿಯಲಿಲ್ಲ. ಬಾಗಿಲಲ್ಲೇ ನಿಂತು ಒಮ್ಮೆ ಪರದೆಯನ್ನು, ಒಮ್ಮೆ ಗುರುನಾಥನನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ ಮಗನಿಗೆ ಹೇಳಿದಳು:

"ಆಟ ಖರೆ. ಆದ್ರೂ ತಲಿ ಮ್ಯಾಲ ಒಂದು ಚರಗಿ ನೀರು ಹಾಕ್ಕೊಂಡು ಅಡಗಿಮನಿಗೆ ಬಾ."