ಕಡಲೆಕಾಳಷ್ಟು ಪಾರ್ಟು

"ನೀನು ಮೆಕ್ಯಾನಿಕ್ ಅಲ್ಲ ಕಣೋ, ಕಂಪನಿ ಟೀಶರ್ಟ್ ಹಾಕಿದ ಕಳ್ಳ!"

ಮನೆಯೊಡತಿಯ ಕೂಗಿಗೆ ಅಕ್ಕಪಕ್ಕದವರೆಲ್ಲ ಬಾಗಿಲಿಗೆ ಬಂದರು. ಕೆಟ್ಟ ವಾಷಿಂಗ್ ಮೆಷಿನ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅವನ ಕಿವಿ ಕಾದುಹೋಯಿತು.

"ಮೇಡಂ, ಹೋಗಿರೋದು ಕಡಲೆಕಾಳಷ್ಟು ಪಾರ್ಟು. ಕಂಪನಿ ಅದನ್ನ ಬಿಡಿಯಾಗಿ ಮಾರಲ್ಲ. ಇಡೀ ಸರ್ಕ್ಯೂಟ್ ಬೋರ್ಡೇ ಬದಲಾಯಿಸಬೇಕು."

"ಆ ದುಡ್ಡಿಗೆ ಅರ್ಧ ಮೆಷಿನ್ ಬರುತ್ತೆ! ಅದೊಂದನ್ನೇ ಹಾಕೋಕೆ ನಿನಗೆ ಬರಲ್ವಾ?"

"ಬರುತ್ತೆ. ಬೋರ್ಡ್ ಬಿಚ್ಚಿದ್ದು ಆಫೀಸಿಗೆ ಗೊತ್ತಾದ್ರೆ ಅವತ್ತೇ ನನ್ನ ಕೆಲಸ ಹೋಗುತ್ತೆ."

"ನೋಡ್ರೀ ಇವನ ನಾಟಕ!" ಎಂದು ಆಕೆ ನೆರೆಯವರ ಕಡೆ ತಿರುಗಿದಳು. ಯಾರೋ ಕಿಸಕ್ಕನೆ ನಕ್ಕರು.

ಆ ನಗುವನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಬಾಗಿಲು ಹಾಕಿಸಿದ. ನೀರು ತಾಗದಿರಲೆಂದು ಕಂಪನಿಯವರು ಬೋರ್ಡಿನ ಮೇಲೆ ಸುರಿದಿದ್ದ ಅಂಟನ್ನು ಕೆರೆದು ತೆಗೆದು, ಚೀಲದಲ್ಲಿದ್ದ ಹಳೆಯ ಪಾರ್ಟೊಂದನ್ನು ಬೆಸುಗೆ ಹಾಕಿ ಕೂರಿಸಿದ. ಮೆಷಿನ್ ತಿರುಗಿತು.

"ಆಫೀಸಿಂದ ಫೋನ್ ಬರುತ್ತೆ ಮೇಡಂ. ವೈರ್ ಸಡಿಲ ಆಗಿತ್ತು ಅಂತಷ್ಟೇ ಹೇಳಿ. ಕೈ ಮುಗೀತೀನಿ."

ಆಕೆಗೆ ನಾಚಿಕೆಯಾಯಿತು. "ಬಾಯಿಗೆ ಬಂದಂಗೆ ಅಂದ್ಬಿಟ್ಟೆ ಕಣಪ್ಪ. ಕಾಫಿ ಕುಡಿದೇ ಹೋಗ್ಬೇಕು," ಎಂದು ಅಡುಗೆಮನೆಗೆ ಹೋದಳು.

ಅವನು ಸಾಮಾನು ಚೀಲಕ್ಕೆ ತುಂಬುತ್ತಿರುವಾಗ ಒಳಗೆ ಆಕೆಯ ಫೋನ್ ಹೊಡೆದುಕೊಂಡಿತು.

"ಹ್ಞಾಂ, ಸರ್ವಿಸ್ ಸೆಂಟರ್‌ನವರಾ? ನಿಮ್ಮ ಹುಡುಗ ಚಿನ್ನ ಕಣ್ರೀ! ಹೊಸ ಬೋರ್ಡ್ ಬೇಡ ಅಂತ ಹಳೇದನ್ನೇ ಬಿಚ್ಚಿ ರಿಪೇರಿ ಮಾಡ್ಕೊಟ್ಟ. ವೈರ್ ಸಡಿಲ ಆಗಿತ್ತು ಅಂತ ಹೇಳಿ ಅಂದ, ಪಾಪ, ಹೊಗಳಿಸಿಕೊಳ್ಳೋಕೂ ಸಂಕೋಚ. ಬರ್ಕೊಳ್ಳಿ, ಅವನಿಗೆ ಪ್ರಮೋಷನ್ ಕೊಡ್ಲೇಬೇಕು!"

ಫೋನ್ ಇಟ್ಟು, "ಸಕ್ಕರೆ ಎಷ್ಟು ಹಾಕ್ಲಿ ಮಗಾ?" ಎಂದು ಆಕೆ ಕೂಗಿ ಕೇಳಿದಳು.

ಅವನು ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದ.